ಕಿಟಕಿ, ಕಚ್ಚಿದ ಹಣ್ಣು ಮತ್ತು ಹಳೆಯ ಪ್ರಶ್ನೆಪತ್ರಿಕೆ

ನಮ್ಮ ಮನೆಯ ಲ್ಯಾಪ್‌ಟಾಪಿನ ಕುತ್ತಿಗೆ ಮುರಿದು ಒಂದು ವರ್ಷವಾಗಿತ್ತು. ಪರದೆ ತಾನಾಗಿ ನಿಲ್ಲುತ್ತಿರಲಿಲ್ಲ. ಹಿಂದೆ ರಾಗಿಹಿಟ್ಟಿನ ಸ್ಟೀಲ್ ಡಬ್ಬಿ ಇಟ್ಟು ಒರಗಿಸಬೇಕಿತ್ತು. ಮುದ್ದೆಗೆ ಎಸರಿಟ್ಟ ಹೊತ್ತಿಗೆ ಅತ್ತೆ ಬಂದು ಡಬ್ಬಿ ಎತ್ತಿಕೊಂಡು ಹೋದರೆ ಪರದೆ ಹಿಂದಕ್ಕೆ ಮಲಗಿಬಿಡುತ್ತಿತ್ತು, ನಾನು ಎಲ್ಲಿದ್ದೆನೋ ಅಲ್ಲಿಗೇ ನಿಲ್ಲಬೇಕು. ಅದರ ಜಾಗ ಊಟದ ಮೇಜು. ಅದಕ್ಕೊಂದು ಬೇರೆ ಜಾಗ ಕೊಡಿ ಎಂದು ಎಷ್ಟು ಸಲ ಕೇಳಿದರೂ, ಮನೆಯಲ್ಲಿ ಪ್ಲಗ್ ಇರುವುದೇ ಅಲ್ಲಿ ಎಂಬ ಉತ್ತರ ಬರುತ್ತಿತ್ತು.

ಚಿತ್ರದುರ್ಗದ ಆ ಮನೆಗೆ ಬಂದವರೆಲ್ಲ ಅದನ್ನು ಮುಟ್ಟುವವರೇ. ನನ್ನ ಗಂಡನಿಗೆ ಕುರಿ ಸಾಕುವವರ ಸಂಘದ ಪತ್ರಗಳು, ಮಗಳಿಗೆ ಕಾಲೇಜಿನ ಪಾಠ, ಮದಕರಿಪುರದಿಂದ ಬರುವ ನೆಂಟರಿಗೆ ಜಾತಿ ಪ್ರಮಾಣಪತ್ರ, ಹಿರಿಯೂರಿನ ನಾದಿನಿಗೆ ಪಹಣಿ. ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಸಂಜೆ ಬಸ್ಸಿಳಿದು ಚಪ್ಪಲಿ ಬಿಡುವ ಮೊದಲೇ ಯಾರೋ ಒಬ್ಬರು ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ಕೂತಿರುತ್ತಿದ್ದರು. "ಟೀಚರಮ್ಮ ಬಂದ್ಲು, ಕುಂತ್ಕಳ್ರಿ, ಒಂದ್ ಗಳಿಗೇಲಿ ಆಗೋಗ್ತದೆ" ಎಂದು ನನ್ನ ಗಂಡ ನನ್ನ ಪರವಾಗಿ ಹೇಳಿ ಮುಗಿಸಿರುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕೂತು ಮಾಡಿಕೊಡುತ್ತಿದ್ದೆ.

ಅದರೊಳಗೆ ನನ್ನದು ಅಂತ ಇದ್ದದ್ದು ಒಂದೇ ಒಂದು ಕಡತ. ಹೆಸರು: ಎಂಟನೇ ತರಗತಿ ಪ್ರಶ್ನೆಪತ್ರಿಕೆ, ಹಳೆಯದು. ಹಳೆಯ ಪ್ರಶ್ನೆಪತ್ರಿಕೆಯನ್ನು ತೆರೆದು ನೋಡುವ ಮನುಷ್ಯ ಈ ಜಗತ್ತಿನಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಲೆಕ್ಕಾಚಾರ. ಅದರಲ್ಲಿದ್ದದ್ದು ಪ್ರಶ್ನೆಗಳಲ್ಲ. ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ನಡೆದದ್ದನ್ನು ಏಳು ವರ್ಷದಿಂದ ಬಿಟ್ಟುಬಿಟ್ಟು ಬರೆಯುತ್ತಿದ್ದೆ. ಅದರಲ್ಲೊಂದು ಪುಟವಿತ್ತು, ಅದನ್ನು ಯಾರಾದರೂ ನೋಡಿಬಿಟ್ಟರೆ ಈ ಮನೆಯಲ್ಲಿ ನಾನು ಮತ್ತೆ ಹೇಗೆ ಇರುವುದು ಎಂಬ ಭಯ. ನಮ್ಮಪ್ಪ ಸತ್ತ ದಿನದ ಪುಟ.

ಆಗಿನ್ನೂ ನಾವು ಮದಕರಿಪುರದಲ್ಲಿದ್ದೆವು. ಅಂದು ಕುರಿಗಳ ಉಣ್ಣೆ ಕತ್ತರಿಸುವ ದಿನ. ಉಣ್ಣೆ ಕತ್ತರಿಸುವುದಕ್ಕೆ ನಮ್ಮಲ್ಲಿ ಕೂಲಿಯವರು ಬರುವುದಿಲ್ಲ, ಮುಯ್ಯಾಳು ಬರುತ್ತಾರೆ. ಇವತ್ತು ಅವರು ನಮ್ಮ ಹಿಂಡಿಗೆ ಕತ್ತರಿ ಹಿಡಿದರೆ ನಾಳೆ ನಾವು ಅವರ ಹಿಂಡಿಗೆ. ಅವರಿಗೆ ಊಟವೇ ಮರ್ಯಾದೆ. ಬೆಳಿಗ್ಗೆ ಕತ್ತರಿಗಳಿಗೆ ಪೂಜೆಯಾದ ಮೇಲೆ ಇಪ್ಪತ್ತು ಜನಕ್ಕೆ ಅಡುಗೆ ಹಚ್ಚಿದ್ದೆ. ನನ್ನ ತವರು ಹೊಸದುರ್ಗದಿಂದ ಪಕ್ಕದ ಮನೆಯ ಫೋನಿಗೆ ಸುದ್ದಿ ಬಂದಾಗ ಹತ್ತು ಗಂಟೆಯೂ ಆಗಿರಲಿಲ್ಲ. ಸುದ್ದಿ ಕೇಳಿಸಿಕೊಂಡವರು ಅತ್ತೆ. ನನಗೆ ಹೇಳಿದ್ದು ಎಲ್ಲರೂ ಉಂಡು ಎಲೆ ಎತ್ತಿದ ಮೇಲೆ. ಹೊಸದುರ್ಗ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅದರ ಬಗ್ಗೆ ನಾನು ಅವರನ್ನು ಒಂದು ಮಾತೂ ಕೇಳಲಿಲ್ಲ, ಅವರು ಒಂದು ಮಾತೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕಳೆದಿದ್ದೇವೆ.

ಈ ಸಲ ಬೇಸಿಗೆ ರಜೆಯಲ್ಲಿ ಪರದೆಯ ಮೇಲೆ ಗೆರೆಗಳೆದ್ದವು. ಇನ್ನು ಹೊಸದು ತರಲೇಬೇಕು ಎಂದಾಯಿತು. ಆಗ ನನಗೊಂದು ದುರಾಲೋಚನೆ ಹೊಳೆಯಿತು. ಮನೆಯಲ್ಲಿ ಯಾರಿಗೂ ಬಾರದ ಕಂಪ್ಯೂಟರನ್ನು ತಂದರೆ ಹೇಗೆ?

ಚುನಾವಣೆಯ ಹಾಗೆ ಇದರಲ್ಲೂ ಗುರುತುಗಳಿವೆ. ನಮ್ಮ ಹಳೆಯದು ಕಿಟಕಿಯ ಗುರುತಿನದು, ಎಲ್ಲರಿಗೂ ಬರುವಂಥದ್ದು. ಇನ್ನೊಂದು ಕಚ್ಚಿದ ಹಣ್ಣಿನ ಗುರುತಿನದು. ಅದರ ಗುಂಡಿಗಳೇ ಬೇರೆ, ನಡೆಯೇ ಬೇರೆ. ಮೂರನೆಯದಕ್ಕೆ ಹೊಟ್ಟೆ ಬೆಳ್ಳಗಿರುವ ಒಂದು ಹಕ್ಕಿಯ ಗುರುತು. ಈ ಹಕ್ಕಿಯ ಪರವಾಗಿ ನಮ್ಮ ಶಾಲೆಯ ಗಣಿತದ ಮೇಷ್ಟ್ರು ಎರಡು ವರ್ಷದಿಂದ ಪ್ರಚಾರ ಮಾಡುತ್ತಿದ್ದರು.

"ಅದಕ್ಕೆ ಯಾವ ಕಂಪನಿ ಹಂಗೂ ಇಲ್ಲ ಮೇಡಂ. ಪೂರ್ತಿ ಸ್ವತಂತ್ರ. ಏನಾದ್ರೂ ತೊಂದ್ರೆ ಆದ್ರೆ ನಂಗೊಂದು ಫೋನ್ ಮಾಡ್ರಿ, ಬಂದು ಬಿಚ್ಚಿ ನೋಡ್ತೀನಿ" ಎಂದರು.

ಕಂಪನಿಯ ಹಂಗು ತಪ್ಪಿ ಮೇಷ್ಟ್ರ ಹಂಗಿಗೆ ಬೀಳುವುದು ಯಾವ ಸ್ವಾತಂತ್ರ್ಯ? ಅವರು ಬಂದು ಬಿಚ್ಚಿದರೆ ಮೊದಲು ಕಾಣುವುದೇ ನನ್ನ ಪ್ರಶ್ನೆಪತ್ರಿಕೆ. ಹಕ್ಕಿಯನ್ನು ಅಲ್ಲಿಗೇ ಬಿಟ್ಟೆ. ಹಣ್ಣಿನ ಮೇಲೆ ಮನಸ್ಸಿಟ್ಟೆ.

ಒಂದು ದಿನ ಬೆಳಿಗ್ಗೆ ಪೆನ್‌ಡ್ರೈವಿನಲ್ಲಿ ಒಂದು ನಿಜವಾದ ಪ್ರಶ್ನೆಪತ್ರಿಕೆ ಹಾಕಿಕೊಂಡು ಪೇಟೆಯ ಅಂಗಡಿಗೆ ಹೋದೆ. ನಾನು ಟೈಪಿಂಗ್ ಕಲಿತದ್ದು ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ, ಬೆರಳಿಗೆ ಅದೇ ಅಂಟಿಕೊಂಡಿದೆ. ಅಂಗಡಿಯವರು ಕಚ್ಚಿದ ಹಣ್ಣಿನ ಲ್ಯಾಪ್‌ಟಾಪನ್ನು ಒರೆಸಿ ಮುಂದಿಟ್ಟರು. ಎಷ್ಟು ತೆಳ್ಳಗಿತ್ತು! ತಾನಾಗಿ ನಿಂತಿತು, ಡಬ್ಬಿ ಬೇಡ. ನನ್ನ ಪ್ರಶ್ನೆಪತ್ರಿಕೆ ತೆರೆದರು. ಪರದೆಯ ತುಂಬ ಸೊಟ್ಟ ಗೆರೆಗಳು, ಚುಕ್ಕೆಗಳು, ತಲೆಕೆಳಗಾದ ಪ್ರಶ್ನಾರ್ಥಕಗಳು. ಕನ್ನಡದ ಒಂದಕ್ಷರವೂ ಇರಲಿಲ್ಲ. ಅಂಕಗಳಷ್ಟೇ ಓದಲು ಬರುತ್ತಿದ್ದವು.

"ಅಯ್ಯೋ, ಹಳೇ ಫಾಂಟಾ? ಆ ಸಾಫ್ಟ್‌ವೇರ್ ಇದ್ರಾಗೆ ಓಡಲ್ಲ ಮೇಡಂ" ಎಂದರು ಅಂಗಡಿಯವರು. "ಎಲ್ಲಾನೂ ಯೂನಿಕೋಡಿಗೆ ತಿರುಗಿಸ್ಬೇಕು. ಆದ್ರೂ ಒತ್ತಕ್ಷರ ಎಲ್ಲೆಲ್ಲೋ ಹೋಗಿರ್ತವೆ, ಯಾರಾದ್ರೂ ಕುಂತು ತಿದ್ದಬೇಕು. ಫೈಲ್ ಎಲ್ಲಾ ಕೊಟ್ಟೋಗ್ರಿ, ನಾನೇ ಓದಿ ಸರಿ ಮಾಡಿಸ್ತೀನಿ."

"ಬೇಡ ಬೇಡ" ಎಂದೆ, ಸ್ವಲ್ಪ ಜೋರಾಗಿಯೇ.

"ಹಂಗಾದ್ರೆ ನೀವೇ ಹೊಸದಾಗಿ ಟೈಪ್ ಮಾಡ್ಕಳ್ರಿ. ಪ್ರಶ್ನೆಪತ್ರಿಕೆ ತಾನೇ?"

ಬಸ್‌ಸ್ಟ್ಯಾಂಡಿನವರೆಗೂ ನಡೆದು ಬರುವಾಗ ಅದನ್ನೇ ಯೋಚಿಸಿದೆ. ಹೊಸದಾಗಿ ಬರೆಯಲು ನನಗೆ ಬೇಸರವಿಲ್ಲ. ಆದರೆ ಆ ಪುಟವನ್ನು ಮತ್ತೆ ಬರೆದರೆ ಮೆತ್ತಗೆ ಬರೆಯುತ್ತೇನೆ ಎಂದು ನನಗೆ ಗೊತ್ತು. ಅತ್ತೆಗೆ ಈಗ ಮಂಡಿನೋವು, ರಾತ್ರಿ ನನ್ನನ್ನೇ ಕೂಗುತ್ತಾರೆ, ನಾನೇ ಎಣ್ಣೆ ತಿಕ್ಕುತ್ತೇನೆ. ಎಣ್ಣೆ ತಿಕ್ಕಿದ ಕೈಯಲ್ಲಿ ಆ ಸಿಟ್ಟನ್ನು ಇದ್ದ ಹಾಗೆ ಬರೆಯಲು ಆಗುವುದಿಲ್ಲ. ಕಿಟಕಿಯದನ್ನು ತಂದರೆ ಬರೆದದ್ದು ಉಳಿಯುತ್ತದೆ, ಮನೆಮಂದಿಯೆಲ್ಲ ಒಳಗೆ ಬರುತ್ತಾರೆ. ಹಣ್ಣಿನದನ್ನು ತಂದರೆ ಯಾರೂ ಬರುವುದಿಲ್ಲ, ಬರೆದದ್ದೂ ಬರುವುದಿಲ್ಲ. ಎತ್ತ ತಿರುಗಿದರೂ ಗೋಡೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಅಳು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಮನೆಯಲ್ಲಿ ಅಂಗಡಿಯವರು ಕೊಟ್ಟ ಬಣ್ಣದ ಕಾಗದವನ್ನು ಮೇಜಿನ ಮೇಲೆ ಹಾಕಿದೆ. ಗಂಡ ನೋಡಿ, "ಕಿಟಕಿದೇ ತಗಳೆ. ಎಲ್ಲಾರಿಗೂ ಬರ್ತದೆ" ಎಂದರು. ಅವರ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಗುಣ ಇರಲಿಲ್ಲ.

ಅತ್ತೆ ಕಾಗದವನ್ನು ಬೆಳಕಿಗೆ ಹಿಡಿದರು. ಅವರಿಗೆ ಓದಲು ಬರುವುದಿಲ್ಲ, ಚಿತ್ರ ನೋಡುತ್ತಾರೆ. "ಇದೇನವ್ವಾ, ಯಾರೋ ಕಚ್ಚಿರೋ ಹಣ್ಣು?"

"ಅದು ಕಂಪನಿ ಗುರುತು ಅತ್ತೆ."

"ಏನಾರ ಆಗ್ಲಿ. ಆಯುಧಪೂಜೇಲಿ ಕತ್ತರಿ ಜೊತೆಗೆ ಇಡಾದು ತಾನೇ? ಎಂಜಲು ಹಣ್ಣನ್ನ ದೇವ್ರ ಮುಂದೆ ಇಡ್ತಾರೇನು?"

ಗಂಡ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಏಳು ವರ್ಷ ಒಂದು ಹಲ್ಲಿನ ಗುರುತಿಗೆ ಸಿಕ್ಕಿ ಬಿದ್ದಿತ್ತು. ಬರೆದದ್ದು ಹೋದರೂ ಹೋಗಲಿ, ಯಾರೂ ಒಳಗೆ ಬಾರದಿರಲಿ ಎಂಬ ಹಟದಲ್ಲಿ "ನಂಗೆ ಅದೇ ಬೇಕು" ಎಂದೆ. ಯಾಕೆ ಎಂದು ಗಂಡ ಕೇಳಿದರು. ಚೆನ್ನಾಗಿದೆ ಎಂದೆ. ಅದಕ್ಕಿಂತ ಪೊಳ್ಳು ಉತ್ತರವನ್ನು ನನ್ನ ಶಾಲೆಯ ಮಕ್ಕಳೂ ಪರೀಕ್ಷೆಯಲ್ಲಿ ಬರೆದಿಲ್ಲ.

ಅತ್ತೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಹೂ ಕೇಳಾಣ ಬಿಡು. ಸೋಮವಾರ ಹೋಗಾಣ" ಎಂದರು.

ನಮ್ಮ ಮನೆಯಲ್ಲಿ ದೊಡ್ಡದೇನು ಮಾಡುವುದಿದ್ದರೂ ಮದಕರಿಪುರದ ಮನೆದೇವರ ಹತ್ತಿರ ಹೂ ಕೇಳುತ್ತಾರೆ. ಪೂಜಾರಿ ದೇವರ ಎಡಬಲಕ್ಕೆ ಒಂದೊಂದು ಒದ್ದೆ ಹೂ ಅಂಟಿಸುತ್ತಾರೆ. ಕೇಳುವವರು ಕೈಮುಗಿದು ಮನಸ್ಸಿನೊಳಗೇ ಕೇಳಬೇಕು. ಬಲಗಡೆಯದು ಬಿದ್ದರೆ ಅಪ್ಪಣೆಯಾಯಿತು ಎಂದು. ಬೋರ್‌ವೆಲ್ ತೆಗೆಸುವಾಗ ಕೇಳಿದ್ದರು, ನನ್ನ ಮದುವೆಗೆ ಮೊದಲು ಕೇಳಿದ್ದರು. ಈಗ ಲ್ಯಾಪ್‌ಟಾಪಿಗೆ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಆದರೂ ಸೋಮವಾರ ಬೆಳಿಗ್ಗೆ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ.

ಗುಡಿಯಲ್ಲಿ ನಾವಿಬ್ಬರೇ, ಮತ್ತೆ ಪೂಜಾರಿ. ಅತ್ತೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ನಿಂತರು. ತುಂಬ ಹೊತ್ತು ನಿಂತರು. ಒಂದು ಯಂತ್ರದ ಬಗ್ಗೆ ದೇವರ ಹತ್ತಿರ ಇಷ್ಟು ಹೊತ್ತು ಕೇಳುವುದೇನಿದೆ ಎಂದು ನನಗೆ ಅಸಹನೆ. ಬಲಗಡೆಯ ಹೂ ಜಾರಿ ಬಿತ್ತು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.

ಹೊರಗೆ ಜಗಲಿಯ ಮೇಲೆ ಕೂತಾಗ ಕೇಳಿದೆ, "ಯಾವುದಕ್ಕೆ ಕೇಳಿದ್ರಿ ಅತ್ತೆ? ಹಣ್ಣಿಂದಕ್ಕಾ, ಕಿಟಕಿದಕ್ಕಾ?"

"ಅವ್ನೆಲ್ಲಾ ದೇವ್ರನ್ನ ಕೇಳ್ತಾರೇನವ್ವಾ?" ಎಂದರು ಅತ್ತೆ. "ನೀನು ಬರೀತಾ ಇರಾದು ನನ್ನ ಜೀವ ಇರಾದ್ರೊಳಗೆ ಮುಗೀತದಾ ಅಂತ ಕೇಳ್ದೆ."

"ಏನು ಬರೆಯೋದು? ಪ್ರಶ್ನೆಪತ್ರಿಕೆ" ಎಂದೆ.

"ಪ್ರಶ್ನೆಪತ್ರಿಕೆ ಬರಿಯೋರು ಅಳ್ತಾರಾ? ಮೇಜಿನ ಮುಂದೆ ಕುಂತು ನೀನು ಅತ್ತಿದ್ದು ನೋಡಿದೀನಿ. ನನ್ನ ಮಗ ಬಂದ್ರೆ ನೀನು ಅದನ್ನ ಮುಚ್ತಿರಲಿಲ್ಲ, ಬೇರೆ ಏನೋ ತೆಗೀತಿದ್ದೆ. ನಾನು ಬಂದ್ರೆ ಮಾತ್ರ ಪಟ್ಟಂತ ಮುಚ್ಚಾಕ್ತಿದ್ದೆ. ನಂಗೆ ಓದಾಕೇ ಬರಲ್ಲ, ನಂಗ್ಯಾಕೆ ಮುಚ್ತೀಯ? ಹಂಗಾರೆ ಅದು ನಂದೇ ವಿಷ್ಯ."

ಏಳು ವರ್ಷ ಇಡೀ ಮನೆಯಿಂದ ಬಚ್ಚಿಟ್ಟೆ ಅಂದುಕೊಂಡಿದ್ದೆ. ಓದುಬರಹ ಬಾರದ ಒಬ್ಬ ಹೆಂಗಸಿನಿಂದ ಪರದೆ ಮುಚ್ಚಿ ಮುಚ್ಚಿ ಅವರಿಗೇ ಹೇಳಿಕೊಟ್ಟಿದ್ದೆ. ಟೀಚರಮ್ಮನ ಬುದ್ಧಿ ಇಷ್ಟು! ವಾಪಸ್ ಬರುವಾಗ ಆಟೋದಿಂದ ಹಾರಿಕೊಂಡು ಎಲ್ಲಾದರೂ ಓಡಿಹೋಗಬೇಕು ಅನ್ನಿಸುತ್ತಿತ್ತು, ಆದರೆ ಅವರು ಇಳಿಯುವಾಗ ಕೈ ಕೊಡಬೇಕಾದವಳು ನಾನೇ.

ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಅಡುಗೆಮನೆಗೆ ಹೋಗಿ ರಾಗಿಹಿಟ್ಟಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. "ಓದು."

ಪರದೆಯನ್ನು ಡಬ್ಬಿಗೆ ಒರಗಿಸಿ ಕಡತ ತೆರೆದೆ. ಆ ಕ್ಷಣದಲ್ಲೂ ನನಗೊಂದು ಕಳ್ಳದಾರಿ ಇತ್ತು. ನಾನು ಏನು ಓದಿದರೂ ಅವರಿಗೆ ತಿಳಿಯುವುದಿಲ್ಲ. ಬೇರೆ ಪುಟ ಓದಬಹುದು, ಒಳ್ಳೆಯದನ್ನು ಕಟ್ಟಿ ಹೇಳಬಹುದು. ಒಂದೆರಡು ಪುಟ ಹಾಗೇ ಓದಿದೆ, ಮಗಳು ಹುಟ್ಟಿದ್ದು, ಮಾರಿಕಣಿವೆಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋದದ್ದು. ಅತ್ತೆ ಕೇಳಿಸಿಕೊಂಡರು. ಆಮೇಲೆ, "ಇದಕ್ಕೆ ನೀನು ಅತ್ತಿರಲ್ಲ. ಅತ್ತಿದ್ದನ್ನ ಓದು" ಎಂದರು.

ಓದಿದೆ. ಧ್ವನಿಯನ್ನು ತರಗತಿಯಲ್ಲಿ ಓದುವ ಹಾಗೆ ಗಟ್ಟಿ ಮಾಡಿಕೊಂಡೆ. ಹತ್ತು ಗಂಟೆಗೆ ಸುದ್ದಿ ಬಂತು. ಅವರು ನನಗೆ ಹೇಳಲಿಲ್ಲ. ಇಪ್ಪತ್ತು ಜನಕ್ಕೆ ನನ್ನ ಕೈಯಲ್ಲಿ ಮುದ್ದೆ ತಿರುವಿಸಿದರು. ನನಗೆ ನಮ್ಮಪ್ಪನ ಮುಖ ಸಿಗಲಿಲ್ಲ. ಇದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ. ಅಲ್ಲಿಗೆ ಆ ಪುಟ ಮುಗಿಯುತ್ತದೆ.

ಅತ್ತೆ ಸೆರಗಿನ ಗಂಟನ್ನು ಮುಟ್ಟಿಕೊಂಡು ಕೂತಿದ್ದರು. ಅತ್ತರೆ ಏನು ಮಾಡಲಿ, ಬೈದರೆ ಏನು ಮಾಡಲಿ ಎಂದು ನಾನು ಕಾದೆ. ಅವರು ಎರಡನ್ನೂ ಮಾಡಲಿಲ್ಲ.

"ಪಾಯಸ ಬಿಟ್ಟಿದೀಯಲ್ಲ" ಎಂದರು.

"ಏನತ್ತೆ?"

"ಮುದ್ದೆ ಆದ್ಮೇಲೆ ಪಾಯಸ ಮಾಡು ಅಂದೆ. ಸುದ್ದಿ ಬಂದ್ಮೇಲೆ ಅಂದಿದ್ದು ಅದು. ಕತ್ತರಿ ಜನ ಉಣ್ಣದೆ ಎದ್ದೋದ್ರೆ ಅರ್ಧ ಹಿಂಡು ಹಂಗೇ ನಿಲ್ತದಲ್ಲ ಅಂತ. ನೀನು ಸಿಹಿ ಸಾಕಾ ಅಂತ ಬೆರಳಾಗೆ ನೆಕ್ಕಿ ನೋಡ್ದೆ. ನಾನು ನಿಂತು ನೋಡ್ದೆ. ಆ ಪಾಯಸಾನೇ ದೇವ್ರಿಗೂ ಎಡೆ ಇಟ್ಟೆ, ಸೂತಕ ಅಂತ ಗೊತ್ತಿದ್ದೂ. ಅದನ್ಯಾಕೆ ಬಿಟ್ಟೆ?" ಎಂದರು.

ಬಿಟ್ಟದ್ದು ಮರೆತಲ್ಲ. ಅಪ್ಪ ಸತ್ತ ದಿನ ನಾನು ಬೆರಳಲ್ಲಿ ಸಿಹಿ ನೆಕ್ಕಿದ್ದೆ, ಚೆನ್ನಾಗಿದೆ ಅಂದುಕೊಂಡಿದ್ದೆ. ಅದನ್ನು ಬರೆಯಲು ನನಗೆ ಧೈರ್ಯವಿರಲಿಲ್ಲ. ಇಷ್ಟು ವರ್ಷ ಆ ಒಂದು ಬೆರಳನ್ನು ನಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದೆ.

ಆ ವಾರವೇ ಕಿಟಕಿಯ ಗುರುತಿನದನ್ನು ತಂದೆವು. ಸಂಘದ ಪತ್ರ, ಪಹಣಿ, ಆಧಾರ್ ಎಲ್ಲವೂ ಒಂದೇ ಸಂಜೆಯಲ್ಲಿ ಅದರೊಳಗೆ ಬಂದು ಕೂತವು, ಜಾಗ ಮತ್ತದೇ ಊಟದ ಮೇಜು. ನನ್ನ ಕಡತದ ಹೆಸರನ್ನೂ ನಾನು ಬದಲಿಸಲಿಲ್ಲ.

ಆದರೆ ನಾನು ಬಿಟ್ಟಿದ್ದ ಆ ವಾಕ್ಯವನ್ನು ಬರೆದದ್ದು ಹಳೆಯದರಲ್ಲೇ, ಓದಿದ ಅವತ್ತೇ. ಅತ್ತೆ ಎದ್ದು ಹೋಗಲಿಲ್ಲ. "ಬರಿ" ಎಂದರು. ಗೆರೆಗಳೆದ್ದ ಪರದೆ ಹಿಂದಕ್ಕೆ ಜಾರುತ್ತಿತ್ತು. ಅವರು ಡಬ್ಬಿಯ ಮೇಲೆ ಒಂದು ಕೈ ಇಟ್ಟು ಹಿಡಿದುಕೊಂಡರು, ನಾನು ಪಾಯಸದ ಸಾಲು ಬರೆದೆ.