ನೀರು ಬಿಡುವ ಫಕ್ಕೀರಣ್ಣ

ಅಂದು ನಾನು ಒಂದೇ ಮಾತು ಆಡಬೇಕಿತ್ತು. ಆಡದೆ, ಸೆರಗು ಸರಿಮಾಡಿಕೊಂಡು ಒಳಗೆ ಹೋದೆ.

ನಮ್ಮಣ್ಣ ಫಕ್ಕೀರಪ್ಪ ಗಜೇಂದ್ರಗಡದಲ್ಲಿ ನಳಕ್ಕೆ ನೀರು ಬಿಡುತ್ತಿದ್ದ. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಚಾವಿ ಹೊತ್ತು, ಓಣಿ ಓಣಿಯ ವಾಲ್ವ್ ತಿರುವುತ್ತ, "ಕೊಡ ಹಿಡೀರಿ, ಜಗಳ ಆಮ್ಯಾಲೆ ಆಡೀರಂತ!" ಎಂದು ಕೂಗುವನು. ತನ್ನ ಓಣಿಗೆ ಮಾತ್ರ ಎಲ್ಲರದೂ ಮುಗಿದ ಮೇಲೆ. ಅತ್ತಿಗೆ ಬೈದರೆ, "ಬಡಿಸಾಂವ ಕಡೀಗೆ ಉಣಬೇಕ" ಎನ್ನುವನು.

ನನ್ನನ್ನು ಕೊಟ್ಟದ್ದೂ ಅದೇ ಊರಿಗೆ; ನಮ್ಮ ಓಣಿ ಗುಡ್ಡದ ಮಗ್ಗುಲಿನ ಏರಿನಲ್ಲಿದೆ. ನೀರು ಸಣ್ಣಗೆ ಬರುತ್ತಿತ್ತು. ಮಗಳು ಬಾಣಂತನಕ್ಕೆ ಬಂದಾಗ, ಒಂದಿಷ್ಟು ಹೆಚ್ಚು ಬಿಡು ಎಂದು ಅಣ್ಣನನ್ನು ಕೇಳಿದೆ.

"ಕೆಳಗಿನ ಓಣಿಯವ್ರು ಏನ್ ಕುಡೀಬೇಕವಾ? ನಾನ ಹೊತ್ತ ತಂದ ಹಾಕ್ತೀನಿ" ಎಂದ. ದಿನವೂ ಕೊಡ ಹೊತ್ತು ತಂದ. ಅದು ನನಗೆ ಸಾಲಲಿಲ್ಲ. ಅವನು ನಮ್ಮ ಮನೆಯೊಳಗೆ ಚಹಾಕ್ಕೆ ಕೂತಾಗ, ಹೊರಗೆ ಕಟ್ಟೆಗೆ ಒರಗಿಸಿದ ಚಾವಿ ಒಯ್ದು ನಮ್ಮ ಓಣಿಯ ವಾಲ್ವನ್ನು ಇನ್ನಷ್ಟು ತಿರುವಿ ಬರತೊಡಗಿದೆ. ಮಗಳು ಗಂಡನ ಮನೆಗೆ ಹೋದ ಮೇಲೂ ಆ ಚಟ ಬಿಡಲಿಲ್ಲ.

ಆಮೇಲೆ, ತಾವಾಗಿಯೇ ತೆರೆದು ಮುಚ್ಚುವ ವಾಲ್ವ್‌ಗಳು ಬರುತ್ತವೆ ಎಂದು ಸುದ್ದಿಯಾಯಿತು. ಅದಕ್ಕೂ ಮೊದಲು ಪೈಪುಗಳಿಗೆ ಮೀಟರ್ ಜೋಡಿಸಿದರು. ಯಾವ ಓಣಿಗೆ ಎಷ್ಟು ನೀರು ಹೋಗುತ್ತದೆಂದು ಅವು ಕಂಪ್ಯೂಟರಿಗೆ ಹೇಳುತ್ತಿದ್ದವಂತೆ. ಅಣ್ಣ ನೀರು ಬಿಡಲು ಬಂದಿದ್ದ ಒಂದು ಮುಂಜಾನೆ ಪುರಸಭೆಯ ಇಂಜಿನಿಯರ್ ನಮ್ಮ ಬಾಗಿಲಿಗೇ ಬಂದರು.

"ಫಕ್ಕೀರಪ್ಪ, ತಂಗಿ ಓಣಿಗೆ ಹೆಚ್ಚಿಗಿ ಹ್ಯಾಂಗ ಹೋಗಾಕತ್ತೇತಿ?"

ಅವರ ಬೆನ್ನಿಗೇ ಬಂದಿದ್ದ ಕೆಳಗಿನ ಓಣಿಯ ನೀಲವ್ವ ನಕ್ಕಳು: "ತಂಗಿ ಮಾಡೋ ಚಾ ಭಾಳ ಸಿಹಿ ಇರಬೇಕ್ರಿ ಸಾಹೇಬ್ರ!"

ಅಣ್ಣ ನನ್ನ ಮುಖ ನೋಡಿದ. ಆಗಲೇ ಅವನಿಗೆ ಎಲ್ಲ ತಿಳಿಯಿತು. ನಾನು ಒಳಗೆ ಹೋದದ್ದು ಆಗ. ಹೊರಗೆ ಅವನ ದನಿ ಕೇಳಿಸಿತು: "ನಂದ ತಪ್ರಿ."

ಹೊಸ ವಾಲ್ವ್‌ಗಳು ಬಂದಾಗ ಅವನ್ನು ನೋಡಿಕೊಳ್ಳಲು ಅವನ ಜೊತೆಗಾರನನ್ನು ಇಟ್ಟುಕೊಂಡರು. ಆ ತಪ್ಪಿಗಾಗಿ ಅಣ್ಣನನ್ನು ಕೆಲಸದಿಂದ ಬಿಡಿಸಿದರು. ಈಗ ನೀರು ಯಾರೂ ಕೂಗದೆಯೇ ಬರುತ್ತದೆ. ನಮ್ಮ ಏರಿಗೂ ಸರಿಯಾಗಿ ಬರುತ್ತದೆ. ನಾನು ತುಸು ತಾಳಿದ್ದರೆ ಸಾಕಿತ್ತು.

ಅಣ್ಣ ಆ ಮಾತನ್ನು ಎಂದೂ ಎತ್ತಲಿಲ್ಲ. ನಾಗರ ಪಂಚಮಿಗೆ ಎಂದಿನಂತೆ ನನ್ನನ್ನು ತವರಿಗೆ ಕರೆಯಲು ಬಂದ, ಉಂಡಿ ಕಟ್ಟಿಸಿ ಕಳಿಸಿದ. ಅವನು ಬೈದಿದ್ದರೆ ಅಳುವುದಕ್ಕಾದರೂ ಆಗುತ್ತಿತ್ತು.

ಹೋದ ತಿಂಗಳು ಅಣ್ಣ ತೀರಿಕೊಂಡ. ಹೆಣದ ಮುಂದೆ ಕೂತ ನೀಲವ್ವ ಕಣ್ಣೊರೆಸಿಕೊಂಡಳು: "ದೇವರಂಥಾ ಮನಷ್ಯಾ. ತಂಗಿ ಮ್ಯಾಲಿನ ಮಾಯಾಕ ಒಂದ ತಪ್ಪ ಮಾಡಿದ ನೋಡ್ರಿ."

ನಾನು ಎದ್ದು ನಿಂತೆ. ನೆರೆದವರೆಲ್ಲ ಕೇಳುವಂತೆ ಹೇಳಿದೆ:

"ಅಂವಾ ಮಾಡಿಲ್ಲ ನೀಲವ್ವಾ. ಅಂವಾ ಒಳಗ ಚಾ ಕುಡ್ಯೂಮುಂದ ವಾಲ್ವ್ ತಿರುವಿದಾಕಿ ನಾನು. ಯಣ್ಣಾ, ನಿನ್ನ ಹೆಸರಿಗೆ ಮಸಿ ಬಳದಾಕಿ ನಾನ... ತಪ್ಪಾತೋ ಯಣ್ಣಾ."