ಬಣ್ಣ ಕಲಸುವವರ ಭಾಷೆ

ಬಣ್ಣದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ವ್ಯಾಕರಣದಕ್ಕ ಅಂತಲೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳೇನೂ ಪಾಠ ಹೇಳುವವಳಲ್ಲ, ಕಲಸುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯಲು ಬಂದವಳು.

ಅವಳು ಬರುವ ಹೊತ್ತಿಗೆ ಅಲ್ಲಿ ನಾನೂರು ಪ್ರೋಗ್ರಾಂಗಳಿದ್ದವು. ಹೊಸ ಬಣ್ಣ ಬಂದಾಗಲೆಲ್ಲ ಹಳೆಯದೊಂದನ್ನು ಕಾಪಿ ಮಾಡಿ, ಅಲ್ಲಿ ಇಲ್ಲಿ ತಿದ್ದಿ ಓಡಿಸುವುದು ರೂಢಿ. ಒಂದರಲ್ಲಿ ತಪ್ಪು ಸಿಕ್ಕರೆ ಮಿಕ್ಕವುಗಳಲ್ಲಿ ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ನಾನೂರ ಒಂದನೆಯದನ್ನು ಬರೆಯುವುದಿಲ್ಲ ಎಂದು ಅವಳು ಮೊದಲ ವಾರವೇ ಹೇಳಿಬಿಟ್ಟಳು. ಕಲಸುವವರೇ ತಮ್ಮ ಮಾತಿನಲ್ಲಿ ಬರೆದುಕೊಳ್ಳುವಂಥ ಒಂದು ಪುಟ್ಟ ಭಾಷೆ ಕಟ್ಟಿಕೊಡುತ್ತೇನೆ, ಮೂರು ತಿಂಗಳು ಕೊಡಿ ಅಂದಳು. ಮಾಲೀಕರಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೂ ಹೂಂ ಅಂದರು.

ಆ ಮೂರು ತಿಂಗಳೂ ಅವಳು ಮೇಸ್ತ್ರಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು. ಮೇಸ್ತ್ರಿ ಮೂವತ್ತು ವರ್ಷದಿಂದ ಅಲ್ಲೇ ಕಲಸುತ್ತಿದ್ದವರು. ಕಿವಿಯ ಹಿಂದೆ ಸದಾ ಒಂದು ಚೂರು ನೀಲಿ.

“ಇಷ್ಟು ಸಾಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದಳು.

“ಅದೇ ಹೇಳುತ್ತಲ್ಲಮ್ಮ.”

“ಯಾವುದು?”

“ಬಣ್ಣ. ನಿನಗೆ ಕೇಳಿಸದಿದ್ರೆ ನಾನೇನು ಮಾಡ್ಲಿ.”

ಹನ್ನೆರಡು ದಿನ ಕಿವಿಗೊಟ್ಟ ಮೇಲೆ ಅವಳಿಗೂ ಕೇಳಿಸಿತು. ಪುಡಿಯ ಗಂಟು ಒಡೆಯುತ್ತಿದ್ದಂತೆ ಮೋಟಾರಿನ ಏದುಸಿರು ಇಳಿಯುತ್ತಿತ್ತು. ಹಾಗೆ ಮೊದಲ ಮಾತು ಹುಟ್ಟಿತು: ಗಂಟೊಡೆ. ಅಂದರೆ ಮೋಟಾರಿನ ಭಾರ ಇಳಿದು ಒಂದೇ ಸಮ ನಿಲ್ಲುವವರೆಗೆ ತಿರುಗು. ಆಮೇಲೆ ಕದಡು, ತಣಿಸು, ಮುಖ ನೋಡು. ಮುಖ ನೋಡು ಅಂದರೆ ಯಂತ್ರ ನಿಲ್ಲಬೇಕು, ಒಬ್ಬ ಮನುಷ್ಯ ಗಾಜಿನ ಮೇಲೆ ಒಂದು ಪಟ್ಟೆ ಎಳೆದು ನೋಡಿ ಸೈ ಅನ್ನಬೇಕು.

‘ಆರಿಸು’ ಎಂಬ ಮಾತಿಗೆ ಮಾತ್ರ ಇಬ್ಬರಿಗೂ ಜಗಳವಾಯಿತು. “ಅದು ಒಣಗಿಸೋದೋ, ದೀಪ ಕೆಡಿಸೋದೋ, ಹೆಕ್ಕಿ ತೆಗೆಯೋದೋ? ಒಂದು ಮಾತಿಗೆ ಒಂದೇ ಅರ್ಥ ಇರಬೇಕು ಮೇಸ್ತ್ರಿ.”

“ಹಾಗಾದ್ರೆ ನಮ್ಮನೇಲಿ ಯಾರೂ ಬಾಯಿ ಬಿಡೋ ಹಾಗಿಲ್ಲ” ಅಂದರು ಅವರು.

ಕೊನೆಗೆ ಹದಿನಾಲ್ಕು ಮಾತಿನ ಭಾಷೆ ನಿಂತಿತು. ಹೊಸ ಮಾತು ಬೇಕಾದರೆ ಇದ್ದವುಗಳನ್ನೇ ಜೋಡಿಸಿ ಹೆಸರಿಡಬಹುದಿತ್ತು, ಅವಳನ್ನು ಕೇಳುವ ಅಗತ್ಯವಿರಲಿಲ್ಲ. ಎರಡನೇ ವರ್ಷ ಅಂಟಿನ ವಿಭಾಗದವರು ಬಣ್ಣದ ಮಾತುಗಳನ್ನು ತೆಗೆದು ತಮ್ಮವನ್ನು ಹಾಕಿಕೊಂಡರು. ಮೊದಲು ಯಾವುದು, ಆಮೇಲೆ ಯಾವುದು, ಎಲ್ಲಿಯವರೆಗೆ ಕಾಯಬೇಕು, ಯಾವಾಗ ನಿಲ್ಲಬೇಕು ಅನ್ನುವ ಎಲುಬುಗೂಡು ಹಾಗೇ ಉಳಿಯಿತು. ಅದನ್ನು ಕಂಡ ದಿನ ಅವಳು ಖುಷಿಯಲ್ಲಿ ಮನೆಗೆ ನಡೆದೇ ಹೋದಳು, ಬಸ್ಸು ಹತ್ತುವುದು ನೆನಪಾಗಲಿಲ್ಲ.

ಹನ್ನೊಂದು ವರ್ಷ ಹೀಗೇ ನಡೆಯಿತು. ಆಮೇಲೆ ಕಾರ್ಖಾನೆ ಕೈ ಬದಲಾಯಿತು. ಹೊಸ ಮ್ಯಾನೇಜರ್ ಮರ್ಯಾದಸ್ಥ. ಅವಳನ್ನು ಕೂರಿಸಿ, ನೀರು ತರಿಸಿ ಕೇಳಿದ:

“ಮೇಡಂ, ಈ ಭಾಷೆ ಬಲ್ಲವರು ಹೊರಗೆ ಎಷ್ಟು ಜನ ಇದ್ದಾರೆ?”

“ಹೊರಗೆ ಯಾರೂ ಇಲ್ಲ.”

“ನಾಳೆ ನಿಮಗೇನಾದ್ರೂ ಆದ್ರೆ?”

ಕೇಳಿದ್ದು ಸರಿಯಾಗಿಯೇ ಇತ್ತು. ಅವಳು ನೀರು ಕುಡಿದು ಎದ್ದು ಬಂದಳು.

ಹೊಸ ವ್ಯವಸ್ಥೆ ಸಿದ್ಧವಾಗಿಯೇ ಬಂತು. ಅದರಲ್ಲಿ ಬರೆಯುವ ಹಾಗಿಲ್ಲ, ಪಟ್ಟಿಯಿಂದ ಹೆಕ್ಕಬೇಕು. ಹಳೆಯದನ್ನೆಲ್ಲ ಅದಕ್ಕೆ ಸಾಗಿಸುವ ಕೆಲಸ ಅವಳದೇ. ಪಟ್ಟಿಯಲ್ಲಿ ಮುಖ ನೋಡುವುದಕ್ಕೆ ಜಾಗವಿರಲಿಲ್ಲ. ಅದಿದ್ದಲ್ಲೆಲ್ಲ ಅವಳು ‘ಐದು ನಿಮಿಷ ನಿಲ್ಲಿಸು’ ಅಂತ ಹಾಕಿದಳು. ಆ ತಿಂಗಳೇ ನಿವೃತ್ತರಾಗುತ್ತಿದ್ದ ಮೇಸ್ತ್ರಿ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಐದು ನಿಮಿಷ ಯಾಕೆ?”

“ಪಟ್ಟಿಯಲ್ಲಿ ಅದೇ ಇರೋದು.”

ಅವರಿಬ್ಬರೂ ಆಡಿದ ಕೊನೆಯ ಮಾತು ಅದೇ ಆಯಿತು. ನಾಲ್ಕು ತಿಂಗಳಿಗೆ ಮೇಸ್ತ್ರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು ಎಂದು ಅವರ ಹೆಂಡತಿ ಫೋನ್ ಮಾಡಿ ಹೇಳಿದರು.

ಅಷ್ಟರಲ್ಲಿ ಕಾರ್ಖಾನೆಯಲ್ಲಿ ಅವಳ ಕೆಲಸವೂ ಮುಗಿದಿತ್ತು. ಮನೆಯಲ್ಲಿ ಕೂತು ಯೋಚಿಸಿದಳು. ಎಲುಬುಗೂಡು ಇದ್ದೇ ಇದೆ, ಮೇಸ್ತ್ರಿಗೆ ಬೇಕಾದ ಮಾತು ಹಾಕಿದರಾಯಿತಲ್ಲ. ನೀರು, ನೋವು, ಮಗ್ಗುಲು ಬದಲಿಸು, ಫ್ಯಾನು. ಟ್ಯಾಬ್ಲೆಟ್ಟಿನಲ್ಲಿ ಒಂದನ್ನು ಒತ್ತಿ ಇನ್ನೊಂದನ್ನು ಒತ್ತಿದರೆ ವಾಕ್ಯವಾಗಬೇಕು, ಬೇಕಾದಂತೆ ಬೆಳೆಯಬೇಕು. ಆರು ವಾರ ಕೂತು ಮಾಡಿದಳು. ಪ್ರತಿ ಮಾತಿಗೂ ಚಿತ್ರ ಇಟ್ಟಳು. ಟ್ಯಾಬ್ಲೆಟ್ಟನ್ನು ಮೇಸ್ತ್ರಿಯ ಎಡಗೈಗೆ ಕೊಟ್ಟಾಗ ಅವರು ಅದರ ಅಂಚನ್ನು ಸವರಿದರು. ಆಮೇಲೆ ನೀರಿನ ಮೇಲೆ ಬೆರಳಿಟ್ಟರು. ನೀರು ತಂದರೆ ಮುಖ ತಿರುಗಿಸಿದರು. ಮತ್ತೆ ನೀರು ಒತ್ತಿದರು, ನೋವು ಒತ್ತಿದರು, ಎಲ್ಲವನ್ನೂ ಒತ್ತಿದರು.

ಮಾತು ಕಲಿಸಲು ಮನೆಗೆ ಬರುತ್ತಿದ್ದ ಆಸ್ಪತ್ರೆಯ ಹೆಂಗಸು ಅವಳನ್ನು ಬಾಗಿಲಾಚೆ ಕರೆದು ಹೇಳಿದರು: “ನಾಲಿಗೆ ಒಂದಕ್ಕೇ ಪೆಟ್ಟಾಗಿದ್ರೆ ಇದು ಉಪಯೋಗಕ್ಕೆ ಬರ್ತಿತ್ತು. ಇವರಿಗೆ ಮಾತಿನ ಅರ್ಥವೇ ಕಳಚಿಹೋಗಿದೆ. ಚಿತ್ರ ತೋರಿಸಿದ್ರೂ ಅಷ್ಟೇ.”

ಅವಳು ಒಳಗೆ ಬಂದು ಮೇಸ್ತ್ರಿಯ ಮುಖದ ಹತ್ತಿರ ಬಗ್ಗಿ ಹಳೆಯ ಮಾತುಗಳನ್ನೇ ಹೇಳಿದಳು. ಗಂಟೊಡೆ. ಕದಡು. ತಣಿಸು. ನಿಧಾನವಾಗಿ, ಒಂದೊಂದಾಗಿ, ಹದಿನಾಲ್ಕನ್ನೂ. ಮೇಸ್ತ್ರಿ ಅವಳ ಬಾಯನ್ನೇ ನೋಡುತ್ತಿದ್ದರು, ಯಾರೋ ಅಪರಿಚಿತ ಊರಿನವಳು ದಾರಿ ಕೇಳುತ್ತಿದ್ದಾಳೆ ಅನ್ನುವಂತೆ.

“ಬಿಡಮ್ಮ, ಅವರಿಗೆ ಸುಸ್ತಾಗುತ್ತೆ” ಅಂದರು ಹೆಂಡತಿ. ಮುಂದಿನ ಸಲ ಹೋದಾಗ ಟ್ಯಾಬ್ಲೆಟ್ಟನ್ನು ಒರೆಸಿ, ವೈರು ಸುತ್ತಿ, ಚೀಲದಲ್ಲಿಟ್ಟು ವಾಪಸು ಕೊಟ್ಟರು. “ಬೇಜಾರು ಮಾಡ್ಕೋಬೇಡ. ಇದನ್ನ ಕಂಡ್ರೆ ಅಳ್ತಾರೆ. ಹಣೆ ಮುಟ್ಟಿ ನೋಡ್ತೀನಿ, ತುಟಿ ನೋಡ್ತೀನಿ, ಹೇಗೋ ತಳ್ತಿದೀನಿ.”

ಮೇಸ್ತ್ರಿ ಇನ್ನೂ ಒಂದೂವರೆ ವರ್ಷ ಹಾಗೇ ಬದುಕಿದ್ದರು. ಅವಳು ಬೇರೊಂದು ಕಂಪನಿ ಸೇರಿ, ಅಂಥದೇ ಪಟ್ಟಿಗಳನ್ನು ತುಂಬಿಸತೊಡಗಿದಳು. ರಜೆ ಸಿಕ್ಕಾಗ ಅವರ ಮನೆಗೆ ಹೋಗುತ್ತಿದ್ದಳು. ಮಂಚದ ಪಕ್ಕ ಸ್ವಲ್ಪ ಹೊತ್ತು ಕೂತು, ಹೆಂಡತಿಯ ಮಂಡಿನೋವು ವಿಚಾರಿಸಿ, ಎದ್ದು ಬರುತ್ತಿದ್ದಳು.