ಬೆಂಗ್ರೆಯಿಂದ ಬಲ್ಮಠಕ್ಕೆ, ಅಮೆರಿಕ ನೋಡಲು

ಶನಿವಾರ ಬೆಳಿಗ್ಗೆ ಬೆಂಗ್ರೆಯಿಂದ ದೋಣಿ ಹತ್ತಿದೆ. ಟಿಕೆಟಿಗೆ ಹತ್ತು ರೂಪಾಯಿ. ಮಳೆ ಬಿಟ್ಟಿತ್ತು, ಕೂರಲು ಜಾಗವೂ ಸಿಕ್ಕಿತು. ಅಷ್ಟಕ್ಕೇ ಅಲ್ಲಾಹನನ್ನು ಸ್ತುತಿಸಿದೆ. ಹೊರಟದ್ದು ಬಲ್ಮಠದ ಕಾಲೇಜಿಗೆ, ಮಗಳು ನಸೀಮಾ ನಿಜ ಹೇಳುತ್ತಿದ್ದಾಳೋ ಇಲ್ಲವೋ ನೋಡಲು. ಬರುತ್ತೇನೆಂದು ಅವಳಿಗೆ ಹೇಳಿರಲಿಲ್ಲ.

ಹಿಂದಿನ ದಿನ ಗಂಡನ ಅಣ್ಣ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ್ದರು. ನಸೀಮಾ ಬೋರ್ಡು ಹಿಡಿದು ನಿಂತಿದ್ದಳು, ಸುತ್ತ ಹುಡುಗರು. "ನಿನ್ನ ಮಗಳು ಮುಷ್ಕರಕ್ಕೆ ಸೇರಿದ್ದಾಳೆ. ಕಾಲೇಜು ಬಿಡಿಸು," ಎಂದರು. "ಅದು ಅಮೆರಿಕದ ಚರಿತ್ರೆಯ ಪ್ರದರ್ಶನ ಉಮ್ಮ," ಎಂದು ಇವಳು ಅತ್ತಳು. ಕೆಲಸಕ್ಕೆ ಹೋಗಿರುವ ದಮ್ಮಾಮಿನಿಂದ ಗಂಡ ಫೋನು ಮಾಡಿ, "ನೀನೇ ಹೋಗಿ ನೋಡು. ನೀನು ಹೇಳಿದ ಹಾಗೆ ಮಾಡುವ," ಎಂದರು.

ಬಂದರಿನಲ್ಲಿ ಇಳಿದು ಸ್ವಲ್ಪ ನಡೆದು ಸಿಟಿ ಬಸ್ಸು ಹಿಡಿದೆ. ಕಾಲೇಜಿನ ಸಭಾಂಗಣದಲ್ಲಿ ಹುಡುಗರು ನಿಜಕ್ಕೂ ಇದ್ದರು. ನನ್ನನ್ನು ಕಂಡು ನಸೀಮಾಳ ಮುಖ ಬಿಳಿಚಿತು.

"ಉಮ್ಮಾ, ನೀವಾ?"

"ಎಂತ ಉಂಟು ತೋರಿಸು," ಎಂದೆ.

ಗೋಡೆ ತುಂಬ ಚಿತ್ರಗಳು. ಗುಲಾಮರ ಬಿಡುಗಡೆ, ಹೆಂಗಸರಿಗೆ ಸಿಕ್ಕಿದ ಮತದ ಹಕ್ಕು. ಅಮೆರಿಕದ ಜಗಳ ನಮ್ಮ ಮಕ್ಕಳಿಗೆ ಯಾಕೆ ಎಂಬ ಸಂಶಯ ಹೋಗಲಿಲ್ಲ. ಕೊನೆಯ ಚಿತ್ರದಲ್ಲಿ ಬಸ್ಸಿನಲ್ಲಿ ಕೂತ ಒಬ್ಬ ಹೆಂಗಸಿಗೆ ಗಂಡಸೊಬ್ಬ ಏಳೆಂದು ಹೇಳುತ್ತಿದ್ದ.

"ಎದುರಿನದ್ದು ಲೇಡೀಸ್ ಸೀಟಲ್ವಾ? ಕಂಡಕ್ಟರ್ ಎಂತ ಮಾಡ್ತಿದ್ದ?" ಎಂದು ಕೇಳಿದೆ. ಒಬ್ಬ ಹುಡುಗ ನಕ್ಕ.

"ಎಂತ ನಗುದು ಮಾರಾಯ? ನಮ್ಮ ಬಸ್ಸಲ್ಲಿ ಹಾಗೇ ಅಲ್ವಾ?" ಎಂದು ನಸೀಮಾ ಅವನನ್ನು ಗದರಿಸಿದಳು. ಮನೆಯಲ್ಲಿ ದೊಡ್ಡಪ್ಪನ ಎದುರು ಬಾಯಿ ಬಿಡದವಳು. ಮತ್ತೆ ನನಗೆ ಹೇಳಿದಳು: "ಅಲ್ಲಿ ಎದುರು ಬಿಳಿಯರು, ಹಿಂದೆ ಕರಿಯರು. ಎದುರು ತುಂಬಿದರೆ ಕರಿಯರು ಏಳಬೇಕು. ಇವರು ಏಳಲಿಲ್ಲ. ಪೊಲೀಸರು ಹಿಡಿದರು. ಮತ್ತೆ ಒಂದು ವರ್ಷ ಊರಿನ ಕರಿಯರು ಆ ಬಸ್ಸು ಹತ್ತಲಿಲ್ಲ. ನಡೆದರು."

"ಒಂದು ವರ್ಷವಾ? ಸುಳ್ಳು. ಅಷ್ಟು ನಡೆದರೆ ಮನೆಯಲ್ಲಿ ಅಡುಗೆ ಮಾಡಿದ್ದು ಯಾರು?"

"ಅವರೇ. ತುಂಬ ಜನ ಮನೆಕೆಲಸದ ಹೆಂಗಸರು ಉಮ್ಮ. ಬೇರೆಯವರ ಮನೆಯಲ್ಲಿ ಬೇಯಿಸಿ, ನಡೆದು ಬಂದು, ತಮ್ಮ ಮನೆಯಲ್ಲಿಯೂ ಬೇಯಿಸಿದರು."

ಫೋಟೋದಲ್ಲಿ ನಸೀಮಾ ಹಿಡಿದಿದ್ದ ಬೋರ್ಡು ಮೂಲೆಯಲ್ಲಿತ್ತು. 'ಬಸ್ಸು ಹತ್ತಬೇಡಿ' ಎಂದು ಬರೆದಿತ್ತು. ಹಿಂದೆ ಮುಂದೆ ತಿರುಗಿಸಿ ನೋಡಿದೆ.

"ಯಾವ ಊರಿನ ಬಸ್ಸು ಅಂತ ಬರೀಬೇಕಿತ್ತು," ಎಂದೆ.

ಸಂಜೆ ಇಬ್ಬರೂ ಒಂದೇ ದೋಣಿಯಲ್ಲಿ ಮರಳಿದೆವು. ಗಾಳಿ ಜೋರಿತ್ತು, ಮೀನಿನ ಬುಟ್ಟಿಯ ಹೆಂಗಸು ಸರಿದು ನಮಗೆ ಜಾಗ ಕೊಟ್ಟಳು. ಹಿಂತಿರುಗಿ ನೋಡಿದರೆ ಬಂದರು ಸಣ್ಣದಾಗುತ್ತಿತ್ತು. ನನ್ನ ಸಂಶಯ ಪೂರ್ತಿ ಹೋಗಿರಲಿಲ್ಲ, ಹುಡುಗರ ವಿಷಯದಲ್ಲಂತೂ ಇಲ್ಲ.

ನಸೀಮಾ ನೀರು ನೋಡುತ್ತಲೇ ಕೇಳಿದಳು, "ಉಮ್ಮ, ನಾಳೆಯಿಂದ ನಾನು ಕಾಲೇಜಿಗೆ ಹೋಗುದು ಬೇಡವಾ?"

"ನಾಳೆ ಆದಿತ್ಯವಾರ ಮಾರಾಯ್ತಿ," ಎಂದೆ. "ಸೋಮವಾರ ಹೋಗು."